ಕೇಳ್ರಿ, ಹೇಳ್ತೀನಿ: ‘ಬಾರ್ಡರ್‌ಲೈನ್ ಅಂದ್ರ ಅರ್ಧ ಹುಚ್ಚ ಏನ್ರಿ ಅಕ್ಕಾರ?’

ಈ ಸಲ ಬಂದ ಪತ್ರದಾಗ ಮೂರು ಒಂದ ವಿಷಯದ ಮ್ಯಾಲಿದ್ವು, ಅದಕ್ಕ ಅಡಿಗಿ, ಅತ್ತಿ-ಸೊಸಿ ಎಲ್ಲಾ ಮುಂದಿನ ಸಲಕ್ಕ ಇಟ್ಟೇನಿ. ಬರದವ್ರ ಗುರ್ತು ಸಿಗಬಾರ್ದಂತ ಸಣ್ಣಪುಟ್ಟ ಸಂಗತಿ ಬದಲಿ ಮಾಡೇನಿ. ಇನ್ನೊಂದು ಮಾತು, ನಾ ಡಾಕ್ಟರ್ ಅಲ್ಲ, ಕೌನ್ಸೆಲಿಂಗ್ ಮಾಡಾಕಿ, ಗುಳಿಗಿ ವಿಷಯ ಬಂದ್ರ ನಿಮ್ಮ ಡಾಕ್ಟರ್ ಹೇಳಿದ್ದ ಕೇಳ್ರಿ.

ಪ್ರಶ್ನೆ (ಗೋಕಾಕ ಕಡಿಂದ): ಅಕ್ಕಾರ, ನಮಸ್ಕಾರ್ರಿ. ನನ್ನ ತಂಗಿಗೆ ಈಗ 23, ಡಿಗ್ರಿ ಮುಗಿಸಿ ಬೆಳಗಾವ್ಯಾಗ ಪಿಜಿ ಒಳಗ ಇದ್ದು ಕೆಲಸ ಮಾಡ್ತಾಳ. ಸಣ್ಣಾಕಿ ಇದ್ದಾಗಿಂದ ಸ್ವಲ್ಪ ಸೂಕ್ಷ್ಮನ, ಆದ್ರ ಈ ಎರಡು ವರ್ಷದಾಗ ವಿಪರೀತ ಆಗೇತ್ರಿ. ರೂಮ್‌ಮೇಟ್ ಹುಡುಗಿ ಒಂದು ತಿಂಗಳು ಇಕಿಗೆ ದೇವ್ರಿದ್ದಂಗ, ಅಕಿ ಒಂದಿನ ಬ್ಯಾರೆಯವ್ರ ಜೋಡಿ ಸಿನಿಮಾಕ್ಕ ಹೋದ್ಲಂದ್ರ ಮುಗೀತು, ಅಕಿಯಂಥ ಮೋಸಗಾರ್ತಿ ಊರಾಗ ಯಾರೂ ಇಲ್ಲ. ನಾ ಫೋನ್ ಎತ್ತೋದು ಹತ್ತು ನಿಮಿಷ ತಡ ಆದ್ರ 20 ಮಿಸ್ಡ್ ಕಾಲ್, ಆಮ್ಯಾಲೆ ‘ನಿನಗೂ ನಾ ಬ್ಯಾಡಾದೆ’ ಅಂತ ಮೆಸೇಜ್, ಒಂದು ತಾಸಿಗೆ ಮತ್ತ ಅಕಿನ ಫೋನ್ ಮಾಡಿ ನಕ್ಕೋತ ಮಾತಾಡ್ತಾಳ. ಎರಡು ಸಲ ಕೈಗೆ ಗಾಯ ಮಾಡ್ಕೊಂಡಾಳ. ಧಾರವಾಡಕ್ಕ ತೋರಿಸಿದ್ವಿ, ಡಾಕ್ಟರ್ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಅಂದ್ರು. ಅಪ್ಪಾರು ‘ಹುಚ್ಚಿನ ಬಾರ್ಡರಿಗೆ ಬಂದಾಳ ಅಂದಂಗಾತು, ದಾಟೋದ್ರಾಗ ಮದುವಿ ಮಾಡಿಬಿಡೋಣು’ ಅಂತಾರ. ಸೋದರತ್ತಿ ಲಿಂಬೆಹಣ್ಣು ಇಳಿಸ್ಯಾಳ. ನನಗ ಸಿಟ್ಟೂ ಬರ್ತೈತಿ, ಪಾಪನೂ ಅನಸ್ತೈತಿ. ಇದು ರೋಗನೋ ನಾಟಕನೋ ಹೇಳ್ರಿ.

ಉತ್ತರ: ನೋಡವ್ವಾ ತಂಗಿ, ಮೊದಲ ಆ ಹೆಸರಿನ ಕಾಟ ಮುಗಿಸೋಣು. ನಮ್ಮ್ ಬೆಳಗಾವಿ ಮಂದಿಗೆ ಬಾರ್ಡರ್ ಅಂದ ಕೂಡ್ಲೆ ಒಂದ ವಿಷಯ ತಲ್ಯಾಗ ಬರ್ತೈತಿ, ಇದು ಅದಲ್ಲ, ನಿಮ್ಮಪ್ಪಾರು ಹೇಳಿದ ಹುಚ್ಚಿನ ಗಡಿನೂ ಅಲ್ಲ. 1938ರಾಗ ಅಡಾಲ್ಫ್ ಸ್ಟರ್ನ್ ಅನ್ನೋ ಅಮೆರಿಕದ ಡಾಕ್ಟರ್ ತನ್ನ ಕಡೆ ಬರೋ ಕೆಲವು ಪೇಶಂಟ್‌ಗಳನ್ನ ಈ ಕಡೆ ಬರೇ ಚಿಂತಿ-ಅಂಜಿಕಿ ಗುಂಪಿಗೂ ಹಾಕಾಕ ಬರದ, ಆ ಕಡೆ ಭ್ರಮೆ ಇರೋ ಗುಂಪಿಗೂ ಹಾಕಾಕ ಬರದ, ನಡಬರಕ ಇದ್ದಾರಂತ ಬಾರ್ಡರ್‌ಲೈನ್ ಅಂತ ಕರದ. ಈ ತಿಳುವಳಿಕಿ ಈಗ ಹಳೇದಾತು, ಹೆಸರು ಮಾತ್ರ ಉಳೀತು. 1980ರಾಗ ಅಮೆರಿಕದ ಮನೋರೋಗದ ಕೈಪಿಡಿಯೊಳಗ ಇದಕ್ಕ ಅಧಿಕೃತ ಜಾಗ ಸಿಕ್ತು. ಇದರಾಗ ಬುದ್ಧಿ ಕೆಡಂಗಿಲ್ಲ, ಕೆಟ್ಟಿರೋದು ಭಾವನೆಗಳ ಬ್ರೇಕು.

ನಾಟಕ ಅಲ್ಲ. ಇದನ್ನ ಹೇಳಾಕ ನನಗೂ ನಾಚಿಕಿ ಬರ್ತೈತಿ, ಯಾಕಂದ್ರ ಈ ಕೆಲಸಕ್ಕ ಸೇರಿದ ಹೊಸದ್ರಾಗ ಇಂಥಾ ಹುಡುಗಿ ಬಾಗಿಲ್ದಾಗ ಕಂಡ್ರ ‘ಮತ್ತ ಬಂದ್ಲಪಾ’ ಅಂತ ನಾನೂ ಮನಸಿನ್ಯಾಗ ಅನ್ಕೊಂಡಾಕಿನ. ನಮ್ಮ ನಿಮ್ಮ ಮನಸಿಗೆ ಒಂದು ಮಾತು ಚುಚ್ಚಿದ್ರ ಅರ್ಧ ತಾಸಿಗೆ ಇಳೀತೈತಿ, ಚಹಾ ಕುಡದು ಮರೀತೀವಿ. ಇವ್ರಿಗೆ ಲಗೂ ಏರ್ತೈತಿ, ಭಾಳ ಎತ್ತರಕ್ಕ ಏರ್ತೈತಿ, ಇಳಿಯೋದು ಮಾತ್ರ ನಿಧಾನ. ಮ್ಯಾಲೆ, ಬಿಟ್ಟು ಹೋಗ್ತಾರ ಅನ್ನೋ ಅಂಜಿಕಿ. ನೀ ಸ್ನಾನಕ್ಕ ಹೋಗಿರ್ತಿ, ಅಕಿ ಕಣ್ಣಿಗೆ ನೀ ಶಾಶ್ವತ ಹೋದಂಗ. ಆ ಹತ್ತು ನಿಮಿಷದಾಗ ಅಕಿ ಪಡೋ ಸಂಕಟ ಖರೇನ ಇರ್ತೈತಿ, ಕಾರಣ ಸಣ್ಣದು ಅಂತ ನೋವು ಸಣ್ಣದು ಆಗಂಗಿಲ್ಲ. ಕೈಗೆ ಗಾಯ ಮಾಡ್ಕೊಳ್ಳೋದೂ ಭಾಳ ಸಲ ಸಾಯಾಕ ಅಲ್ಲ, ಆ ಸಂಕಟ ತಡಕೊಳ್ಳಾಕ ಬ್ಯಾರೆ ದಾರಿ ಗೊತ್ತಿರಂಗಿಲ್ಲ. ಹಂಗಂತ ಹಗುರ ತಗೋಬ್ಯಾಡ, ಈ ಕಾಯಿಲಿ ಇರೋರ್ದಾಗ ಆತ್ಮಹತ್ಯೆಯ ಅಪಾಯ ಖರೇನೂ ಜಾಸ್ತಿ.

ಯಾಕ ಬರ್ತೈತಿ ಅಂದ್ರ ಒಂದ ಕಾರಣ ಇಲ್ಲ. ಅವಳಿ ಮಕ್ಕಳ ಮ್ಯಾಲೆ ಮಾಡಿದ ಅಧ್ಯಯನದಾಗ ರಕ್ತದಿಂದ ಬರೋ ಪಾಲು 40 ಪರ್ಸೆಂಟ್ ಆಸುಪಾಸು ಕಂಡೈತಿ. ಉಳದದ್ದು ಬೆಳೆಯೋ ವಾತಾವರಣ, ಅಂದ್ರ ಕೆಲವ್ರಿಗೆ ಸಣ್ಣಾಗಿದ್ದಾಗ ಹೊಡೆತ, ಲೈಂಗಿಕ ದೌರ್ಜನ್ಯ ಆಗಿರ್ತೈತಿ, ಕೆಲವ್ರಿಗೆ ಅಂಥಾದ್ದೇನೂ ಆಗಿರಂಗಿಲ್ಲ, ಬರೇ ಅತ್ತಾಗೆಲ್ಲ ‘ಏ ಸುಮ್ಮನಿರು, ಅಳಾಕ ಏನಾಗೇತಿ ನಿನಗ’ ಅಂತ ಕೇಳಿ ಕೇಳಿ ಬೆಳದಿರ್ತಾರ. ಇದನ್ನ ಓದಿ ನಿಮ್ಮವ್ವ ‘ಹಂಗಾದ್ರ ನಂದ ತಪ್ಪು’ ಅಂತ ಕುಂತಾರು, ಅವ್ರಿಗೆ ಹೇಳು, ಹಂಗ ಅಂದಿರದ ತಾಯಿ ನಮ್ಮ ಜಿಲ್ಲಾದಾಗ ನನಗಂತೂ ಸಿಕ್ಕಿಲ್ಲ, ನಾನೂ ನನ್ನ ಮಕ್ಕಳಿಗೆ ಅಂದೇನಿ. ಸೂಕ್ಷ್ಮ ಸ್ವಭಾವದ ಕೂಸಿಗೆ ಅದು ಜಾಸ್ತಿ ತಾಗ್ತೈತಿ ಅಷ್ಟ.

ಇನ್ನ ಮದುವಿ. ದಯವಿಟ್ಟು ಬ್ಯಾಡ, ಅಂದ್ರ ಔಷಧ ಅಂತ ಬ್ಯಾಡ. ಬಿಟ್ಟು ಹೋಗ್ತಾರಂತ ಅಂಜೋ ಹುಡುಗಿನ ಗುರ್ತಿಲ್ಲದ ಮನ್ಯಾಗ, ಗುರ್ತಿಲ್ಲದ ಗಂಡನ ಮುಂದ ನಿಲ್ಲಿಸಿದ್ರ ಬೆಂಕಿಗೆ ತುಪ್ಪ ಸುರದಂಗ, ಆ ಹುಡುಗನ ಪಾಡೂ ಕೇಳಬ್ಯಾಡ. ಅಕಿ ಒಂದು ಹಂತಕ್ಕ ಬಂದ ಮ್ಯಾಲೆ ಅಕಿನ ಬೇಕಂದ್ರ ಮಾಡ್ಕೊಳ್ಳಿ. ಲಿಂಬೆಹಣ್ಣಿಗೆ ನನ್ನ ತಕರಾರಿಲ್ಲ, ಸೋದರತ್ತಿಗೆ ಸಮಾಧಾನ ಆದ್ರ ಆಗ್ಲಿ, ಧಾರವಾಡದ ಅಪಾಯಿಂಟ್‌ಮೆಂಟ್ ತಪ್ಪಬಾರ್ದು ಅಷ್ಟ.

ಇದಕ್ಕ ಮುಖ್ಯ ಚಿಕಿತ್ಸೆ ಮಾತಿಂದು, ಕಲಿಯೋದು. ಡಿಬಿಟಿ ಅಂತ ಒಂದು ಪದ್ಧತಿ ಐತಿ, ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಹೆಸರು ಕೇಳಿ ಹೆದರಬ್ಯಾಡ. ವಾರಕ್ಕೊಮ್ಮೆ ಥೆರಪಿಸ್ಟ್ ಜೋಡಿ ಕೂಡೋದು, ಜೊತಿಗೆ ಒಂದು ಗುಂಪಿನ್ಯಾಗ ಕೌಶಲ್ಯ ಕಲಿಯೋದು, ಸಂಕಟ ಬಂದಾಗ ಏನೂ ಕೆಡಿಸ್ಕೊಳ್ಳದ ಅದನ್ನ ದಾಟೋದು ಹೆಂಗ, ಸಿಟ್ಟನ್ನ ಗುರ್ತ ಹಿಡಿಯೋದು ಹೆಂಗ, ಸಂಬಂಧ ಹರೀಲಾರದಂಗ ‘ನನಗಿದು ಬೇಕು’ ಅಂತ ಕೇಳೋದು ಹೆಂಗ. ಪೂರಾ ಕೋರ್ಸ್ ಸಾಮಾನ್ಯ ಒಂದು ವರ್ಷ ಹಿಡೀತೈತಿ. ಇದನ್ನ ಕಟ್ಟಿದಾಕಿ ಮಾರ್ಶಾ ಲಿನೆಹನ್. ಇಕಿ ಕಥಿ ನಿನ್ನ ತಂಗಿಗೆ ಹೇಳು. 1961ರಾಗ, 17 ವರ್ಷದಾಕಿ ಇದ್ದಾಗ, ಅಮೆರಿಕದ ಒಂದು ಮಾನಸಿಕ ಆಸ್ಪತ್ರೆಗೆ ಸೇರಿಸಿದ್ರು, ಎರಡು ವರ್ಷದ ಮ್ಯಾಲೆ ಒಳಗಿದ್ಲು, ಮೈತುಂಬ ಗಾಯ ಮಾಡ್ಕೊಂತಿದ್ಲು, ಆಗಿನ ಡಾಕ್ಟರ್‌ಗಳು ಸ್ಕಿಜೋಫ್ರೇನಿಯಾ, ಅಂದ್ರ ಭ್ರಮೆ ಬರೋ ಕಾಯಿಲಿ, ಅಂತ ಬರದಿದ್ರು. ಮುಂದ ಸೈಕಾಲಜಿ ಪ್ರೊಫೆಸರ್ ಆಗಿ ತನ್ನಂಥವ್ರಿಗೇ ಚಿಕಿತ್ಸೆ ಕಂಡುಹಿಡದ್ಲು, 2011ರಾಗ ಅದ ಆಸ್ಪತ್ರೆಗೆ ವಾಪಸ್ ಹೋಗಿ ಮಂದಿ ಮುಂದ ತನ್ನ ಕಥಿ ಬಿಚ್ಚಿಟ್ಲು.

ನಮ್ಮ್ ಕಡೆ ಪೂರಾ ಡಿಬಿಟಿ ಕಲತವ್ರು ಕಡಿಮಿ, ಸುಳ್ಳ ಹೇಳಂಗಿಲ್ಲ. ಆದ್ರ ಧಾರವಾಡದ ಡಿಮ್ಹಾನ್ಸ್ ಅನ್ನೋ ಮಾನಸಿಕ ಆಸ್ಪತ್ರೆ ಬೆಳಗಾವಿಯಿಂದ ಬಸ್ಸಿನ್ಯಾಗ ಎರಡು ತಾಸು ಹಿಡಿಯಂಗಿಲ್ಲ, ಅಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ನ್ನ ಕೇಳ್ರಿ, ಬೆಂಗಳೂರಿನ ನಿಮ್ಹಾನ್ಸ್ ಐತಿ, ಈಗ ಆನ್‌ಲೈನ್ ಥೆರಪಿಸ್ಟ್‌ಗಳೂ ಸಿಗ್ತಾರ. ಡಿಬಿಟಿ ಸಿಗಲಿಲ್ಲಂತ ಸುಮ್ಮ ಕೂಡಬ್ಯಾಡ್ರಿ, ಒಬ್ಬ ಡಾಕ್ಟರ್, ಒಬ್ಬ ಕೌನ್ಸೆಲರ್, ತಪ್ಪದ ಹೋಗೋದು, ಮ್ಯಾಲಿಂದ ಮ್ಯಾಲೆ ಡಾಕ್ಟರ್ ಬದಲಿಸದಿರೋದು, ಇದ್ರಿಂದನೂ ಭಾಳ ಫರಕ್ ಬೀಳತೈತಿ.

ನೀ ಏನ್ ಮಾಡ್ಬೇಕು ಅಂದ್ರ, ಮೊದಲ ‘ಇಷ್ಟಕ್ಕ ಯಾಕ ಅಳ್ತಿ’ ಅನ್ನೋದು ಬಿಡು. ‘ಫೋನ್ ಎತ್ತಲಿಲ್ಲಂತ ಎದಿ ಒಡದಂಗ ಆಗಿತ್ತು ಕಾಣಸ್ತೈತಿ’ ಅನ್ನು. ಅಕಿ ಹೇಳಿದ್ದಕ್ಕ ಹೌದು ಅಂದಂಗ ಅಲ್ಲ ಇದು, ರೂಮ್‌ಮೇಟ್ ಮೋಸಗಾರ್ತಿ ಅಂತ ನೀ ಒಪ್ಪಬೇಕಿಲ್ಲ, ಅಕಿಗೆ ನೋವಾಗೇತಿ ಅನ್ನೋದಷ್ಟ ಒಪ್ಪು. ಎರಡನೇದು, ನಿನಗೂ ಒಂದು ಗೆರಿ ಇರ್ಲಿ. ‘ರಾತ್ರಿ 11ರ ಮ್ಯಾಲೆ ಸುಮ್ಮ ಮಾತಾಡಾಕ ಫೋನ್ ಎತ್ತಂಗಿಲ್ಲ, ಮುಂಜಾನೆ 6ಕ್ಕ ನಾನ ಮಾಡ್ತೀನಿ’ ಅಂತ ಅಕಿ ಶಾಂತ ಇದ್ದಾಗ ಹೇಳು, ಮುಂಜಾನೆ ಆರಕ್ಕ ಖರೇನ ಮಾಡು, ಒಂದಿನ ಎತ್ತಿ ಒಂದಿನ ಬಿಟ್ರ ಅಕಿಗೆ ಮತ್ತೂ ತ್ರಾಸ. ಜೀವಕ್ಕ ಅಪಾಯ ಅನಸಿದ್ರ ಈ ಗೆರಿ ಲೆಕ್ಕಕ್ಕಿಲ್ಲ. ಮೂರನೇದು ಯಾರೂ ಮಾಡಂಗಿಲ್ಲ, ಅಕಿ ಛಲೋ ಇದ್ದ ದಿನ ಫೋನ್ ಮಾಡು, ರೊಟ್ಟಿ ಬಡಕೋತ ಸುಮ್ಮ ಹತ್ತು ನಿಮಿಷ ಹರಟಿ ಹೊಡಿ. ಗಾಯ ಮಾಡ್ಕೊಂಡಾಗಷ್ಟ ಎಲ್ಲಾರೂ ಓಡಿ ಬಂದ್ರ, ಬರಬೇಕಂದ್ರ ಗಾಯ ಆಗಬೇಕು ಅಂತ ಮನಸು ಕಲೀತೈತಿ, ಬೇಕಂತ ಅಲ್ಲ, ತಾನ ಕಲೀತೈತಿ.

‘ಸಾಯಬೇಕು ಅನಸ್ತೈತೇನು’ ಅಂತ ನೇರ ಕೇಳು. ಕೇಳಿದ್ರ ಇಲ್ಲದ್ದು ತಲ್ಯಾಗ ಬರ್ತೈತಿ ಅನ್ನೋದು ಸುಳ್ಳು. ಅಕಿ ಊರಿಗೆ ಬಂದಾಗ ಹೊಲಕ್ಕ ಹೊಡಿಯೋ ಎಣ್ಣಿ, ಮನ್ಯಾಗಿನ ಗುಳಿಗಿ ಕೀಲಿ ಹಾಕಿಡ್ರಿ, ಕೀಲಿ ನಿನ್ನ ಹತ್ರ ಇರ್ಲಿ. ಏನರ ಆದ್ರ 108ಕ್ಕ ಫೋನ್, ಇಲ್ಲಾ ಹತ್ರದ ದವಾಖಾನಿ. ಪೊಲೀಸ್ ಕೇಸ್ ಆಗ್ತೈತಂತ ಮನ್ಯಾಗ ಇಟ್ಕೊಂಡು ಕೂತವ್ರನ್ನ ಕಂಡೇನಿ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಪ್ರಯತ್ನ ಮಾಡಿದವ್ರು ತೀವ್ರ ಒತ್ತಡದಾಗ ಇದ್ರು ಅಂತನ ತಿಳಕೊಂತಾರ, ಶಿಕ್ಷೆಗಲ್ಲ, ಚಿಕಿತ್ಸೆಗೆ ದಾರಿ ಮಾಡಿಕೊಡ್ತಾರ. ಆಸ್ಪತ್ರ್ಯಾಗ ಎಂಎಲ್‌ಸಿ, ಅಂದ್ರ ಪೊಲೀಸ್ರಿಗೆ ತಿಳಿಸೋ ದಾಖಲೆ, ಬರ್ಕೋಬಹುದು, ಬರ್ಕೊಳ್ಳಿ ಬಿಡು.

ಮತ್ತ ಒಂದು, ಇದು ಜನ್ಮಪೂರ್ತಿ ಹಿಂಗ ಇರಂಗಿಲ್ಲ. ಅಮೆರಿಕದಾಗ ಹತ್ತು ವರ್ಷ ಬೆನ್ನ ಹತ್ತಿ ನೋಡಿದ ಅಧ್ಯಯನದಾಗ ಸುಮಾರು 85 ಪರ್ಸೆಂಟ್ ಮಂದಿಗೆ ಕಡೀಗೆ ಆ ಕಾಯಿಲಿಯ ಲಕ್ಷಣ ಲೆಕ್ಕಕ್ಕ ಸಿಗೋಷ್ಟು ಉಳದಿರಲಿಲ್ಲ. ನೌಕ್ರಿ, ಸಂಬಂಧ ಸರಿ ಆಗೋದು ಮಾತ್ರ ಅದಕ್ಕಿಂತ ನಿಧಾನ, ಗಡಬಡಿ ಮಾಡಬ್ಯಾಡ್ರಿ.

ಪ್ರಶ್ನೆ (ವಿಜಯಪುರ): ಅಕ್ಕಾ, ನನಗ 26, ಗ್ಯಾರೇಜ್‌ನ್ಯಾಗ ಕೆಲಸ. ರೀಲ್ಸ್ ನೋಡಿ ನೋಡಿ ನನಗೂ ಬಿಪಿಡಿ (ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್) ಐತಿ ಅನಸ್ತೈತಿ. ಮಂದಿ ಪಿಸುಗುಟ್ಟಿದ್ರ ನನಗ ಗೋಳಗುಮ್ಮಟದಾಗ ಕೂಗಿದಂಗ ಏಳು ಸಲ ಕೇಳಸ್ತೈತಿ, ಸಿಟ್ಟಿಗೆ ಮೂರು ಕೆಲಸ ಬಿಟ್ಟೇನಿ, ಸಿಟ್ಟು ಇಳದ ಮ್ಯಾಲೆ ಒಳಗ ಖಾಲಿ ಖಾಲಿ. ಇದು ಹೆಣ್ಮಕ್ಕಳಿಗಷ್ಟ ಬರೋದು ಅಂತ ದೋಸ್ತ ನಗ್ತಾನ.

ಉತ್ತರ: ತಮ್ಮಾ, ನಿನ್ನ ದೋಸ್ತಗ ಹೇಳು, ಗಂಡಸ್ರಿಗೂ ಬರ್ತೈತಿ. ಅವ್ರದು ಕುಡಿತ, ಜಗಳ, ಬೈಕ್ ಜೋರ್ ಓಡ್ಸೋದು ಅನ್ನೋದ್ರ ಒಳಗ ಮುಚ್ಚಿಹೋಗಿ, ಡಾಕ್ಟರ್ ಕಡೆ ಬರೋ ಬದಲಿ ಸ್ಟೇಷನ್ ಮೆಟ್ಟಲು ಹತ್ತತಾರ. ಆದ್ರ ರೀಲ್ಸ್ ನೋಡಿ ಹೆಸರು ಇಟ್ಕೋಬ್ಯಾಡ. ಕೈಪಿಡಿ ಪ್ರಕಾರ ಒಂಬತ್ತು ಲಕ್ಷಣದಾಗ ಕನಿಷ್ಠ ಐದು ಇರಬೇಕು, ಅದೂ ವರ್ಷಗಟ್ಟಲೆ. ಬೈಪೋಲಾರ್ ಅನ್ನೋ ಮೂಡ್ ಏರಿಳಿಯೋ ಕಾಯಿಲಿ ಜೋಡಿ ಇದನ್ನ ಗೊಂದಲ ಮಾಡ್ಕೊಳ್ಳೋದೂ ಭಾಳ ಆಗ್ತೈತಿ, ಅದರಾಗ ಮೂಡ್ ದಿನಗಟ್ಟಲೆ, ವಾರಗಟ್ಟಲೆ ಒಂದ ಕಡೆ ನಿಲ್ಲತೈತಿ, ಇದರಾಗ ತಾಸಿನ್ಯಾಗ ತಿರುಗತೈತಿ, ಹಿಂದ ಸಾಮಾನ್ಯ ಯಾರೋ ಏನೋ ಅಂದದ್ದು ಇರ್ತೈತಿ. ಬಗೆಹರಿಸೋದು ಡಾಕ್ಟರ್ ಕೆಲಸ. ಜಿಲ್ಲಾ ಆಸ್ಪತ್ರ್ಯಾಗ ಮನೋವೈದ್ಯರ ವಿಭಾಗ ಐತಿ, ಮೆಡಿಕಲ್ ಕಾಲೇಜ್ ಆಸ್ಪತ್ರ್ಯಾಗೂ ಐತಿ, ಚೀಟಿ ಮಾಡ್ಸಿ ಹೋಗು. ಹೋಗಾಕ ಮುಜುಗರ ಆದ್ರ ಮೊದಲ 14416ಕ್ಕ ಫೋನ್ ಮಾಡು, ಟೆಲಿ-ಮಾನಸ್ ಅಂತ ಮನಸಿನ ತ್ರಾಸಕ್ಕ ಇರೋ ಸಹಾಯವಾಣಿ, 2022ರಾಗ ಸರ್ಕಾರ ಶುರು ಮಾಡಿದ್ದು, 24 ತಾಸು, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ.

ಅಲ್ಲೀತನಕ ಒಂದು ಹೇಳಿಕೊಡ್ತೀನಿ. ಸಿಟ್ಟು ನೆತ್ತಿಗೇರಿದಾಗ ಪಾನಾ ಕೆಳಗಿಟ್ಟು ಹೊರಗ ಬಾ, ಬಕೆಟ್‌ದಾಗ ತಣ್ಣೀರು ತಗೊಂಡು ಉಸಿರು ಹಿಡದು ಮುಖ ಅರ್ಧ ನಿಮಿಷ ಅದ್ದು, ಕಣ್ಣಿನ ಸುತ್ತ ನೀರು ತಾಗಬೇಕು. ನೀರಿಗೆ ಮುಳಗಿದಾಗ ಎದಿಬಡಿತ ನಿಧಾನ ಆಗೋದು ಮೈಯ ಗುಣ, ಅದನ್ನ ಇಲ್ಲಿ ಕೆಲಸಕ್ಕ ಹಚ್ಚೋದು. ಹಾರ್ಟಿನ ತ್ರಾಸ ಇದ್ರ ಮಾತ್ರ ಡಾಕ್ಟರ್‌ನ್ನ ಕೇಳದ ಮಾಡಬ್ಯಾಡ. ಮಾಲಕಗ ಏನ್ ಹೇಳೋದು ಅಂದ್ರ, ‘ಐದು ನಿಮಿಷ ಹೊರಗ ಹೋಗಿ ಬರ್ತೀನ್ರಿ’ ಅಷ್ಟ ಸಾಕು. ನಾಲ್ಕನೇ ಕೆಲಸ ಉಳದ್ರ ನನಗ ಕಾರ್ಡ್ ಬರಿ.

ಪ್ರಶ್ನೆ (ಮುಧೋಳ, ಬಾಗಲಕೋಟೆ ಜಿಲ್ಲಾ): ನಮ್ಮ ಮನಿಯವ್ರಿಗೆ ಇದ ಕಾಯಿಲಿ ಅಂದಾರ್ರಿ. ಮೂರು ನಮೂನಿ ಗುಳಿಗಿ ಕೊಟ್ಟಾರ, ತಿಂಗಳಿಗೆ ಭಾಳ ಖರ್ಚು. ಜನ್ಮಪೂರ್ತಿ ನುಂಗಬೇಕೇನ್ರಿ?

ಉತ್ತರ: ಅಣ್ಣಾರ, ಬಾರ್ಡರ್‌ಲೈನ್‌ಗ ಅಂತನ ಒಪ್ಪಿಗಿ ಪಡದ ಗುಳಿಗಿ ಇವತ್ತಿನ ತನಕ ಒಂದೂ ಇಲ್ರಿ. ಡಾಕ್ಟರ್ ಕೊಡೋದು ಅದರ ಜೋಡಿ ಬಂದ ಡಿಪ್ರೆಶನ್, ನಿದ್ದಿ ಇಲ್ಲದ್ದು, ವಿಪರೀತ ಅಂಜಿಕಿಗೆ. ಅದಕ್ಕ ಮುಂದಿನ ಸಲ ಹೋದಾಗ ಒಂದೊಂದು ಪಟ್ಟಿ ಮ್ಯಾಲೆ ಬಟ್ಟಿಟ್ಟು ‘ಇದು ಯಾತಕ್ಕ, ಎಷ್ಟು ದಿನ’ ಅಂತ ಕೇಳ್ರಿ, ಕೇಳಾಕ ಹಕ್ಕೈತಿ. ನೀವ ನೀವ ನಿಲ್ಲಿಸಬ್ಯಾಡ್ರಿ, ಕೆಲವು ಗುಳಿಗಿ ಒಮ್ಮಿಂದೊಮ್ಮೆ ಬಿಟ್ರ ಉಲ್ಟಾ ಹೊಡೀತಾವ. ಖರ್ಚು ಕಡಿಮಿ ಆಗಬೇಕಂದ್ರ ತಾಲೂಕು ಆಸ್ಪತ್ರ್ಯಾಗ ಮಂಗಳವಾರ ಮನೋಚೈತನ್ಯ ಅಂತ ಕ್ಲಿನಿಕ್ ನಡೀತೈತಿ, ಮನೋವೈದ್ಯರು ಬರ್ತಾರ, ನಿಮ್ಮ ಆಸ್ಪತ್ರ್ಯಾಗ ಯಾವ ಮಂಗಳವಾರ ಅಂತ ಒಂದು ಸಲ ಕೇಳ್ಕೊಂಡು ಹೋಗ್ರಿ. ಹಳೇ ಚೀಟಿ ಎಲ್ಲಾ ಒಂದು ಕ್ಯಾರಿಬ್ಯಾಗ್‌ನ್ಯಾಗ ಹಾಕ್ಕೊಂಡು ಹೋಗ್ರಿ, ಮತ್ತ ನಿಮ್ಮ ಮನಿಯವ್ರನ್ನ ಹೊರಗ ಕೂಡಿಸಿ ನೀವೊಬ್ರ ಒಳಗ ಹೋಗಿ ಮಾತಾಡಬ್ಯಾಡ್ರಿ, ಅವ್ರ ಬಾಯಿಂದನ ಹೇಳಸ್ರಿ.