ಕೊರೆಯದೆ ಅಳೆದ ಆಳ

(ಕಾಸರಗೋಡು ಜಿಲ್ಲೆಯ ಬಾಯಾರಿನ ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ)

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಭೂಗರ್ಭದ ಲೇಖನದ ಬಗ್ಗೆ ತಾವು ಬರೆದ ಪತ್ರ ತಲುಪಿದೆ. “ನಮ್ಮ ಗುಡ್ಡದಲ್ಲಿ ನೀರಿಗಾಗಿ ಸುರಂಗ ತೋಡುವಾಗ 30 ಕೋಲು (ಕೋಲು ಎಂದರೆ ನಮ್ಮ ಕಡೆಯ ಉದ್ದಳತೆ) ಒಳಗೆ ಹೋದ ಮೇಲೂ ಮುಂದೆ ನೀರಿದೆಯೋ ಬರೀ ಮುರಕಲ್ಲೋ ಎಂದು ಖಚಿತವಾಗಿ ಹೇಳುವವರಿಲ್ಲ. ಹೀಗಿರುವಾಗ 2,900 ಕಿ.ಮೀ. ಆಳದಲ್ಲಿ ಕರಗಿದ ಕಬ್ಬಿಣವಿದೆ ಎಂದು ಹೇಗೆ ಬರೆದಿರಿ? ಅದು ಊಹೆಯಲ್ಲವೇ?” ಎಂದು ಕೇಳಿದ್ದೀರಿ. ತೀರ್ಮಾನವನ್ನಷ್ಟೇ ಮುದ್ರಿಸಿ ಅದರ ಆಧಾರವನ್ನು ಬಿಟ್ಟದ್ದು ನಮ್ಮ ಕೊರತೆ. ಅದನ್ನು ಇಲ್ಲಿ ತುಂಬಿಕೊಡುತ್ತೇನೆ.

ಭೂಮಿಯ ತ್ರಿಜ್ಯ 6,371 ಕಿ.ಮೀ.; ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ ವರ್ಷಗಟ್ಟಲೆ ಕೊರೆದ ರಂಧ್ರ ಇಳಿದದ್ದು ಸುಮಾರು 12.2 ಕಿ.ಮೀ. ಮಾತ್ರ. ಆದ್ದರಿಂದ ಕಣ್ಣಾರೆ ಕಂಡ ಸಾಕ್ಷಿಯಿಲ್ಲ ಎಂಬ ತಮ್ಮ ಮಾತು ನಿಜ. ಆದರೆ ನಮ್ಮ ತರ್ಕಶಾಸ್ತ್ರದಲ್ಲಿ ಪ್ರತ್ಯಕ್ಷದಂತೆ ಅನುಮಾನವೂ ಒಂದು ಪ್ರಮಾಣವೇ. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವುದನ್ನು ಯಾರೂ ಊಹೆ ಎನ್ನುವುದಿಲ್ಲ. ಇಲ್ಲಿ ಹೊಗೆಯ ಸ್ಥಾನದಲ್ಲಿರುವುದು ಭೂಕಂಪದ ಅಲೆಗಳು.

ಭೂಕಂಪವಾದಾಗ ಎರಡು ಬಗೆಯ ಅಲೆಗಳು ಭೂಮಿಯ ಒಡಲೊಳಗೆ ಹರಡುತ್ತವೆ. ಮೊದಲು ತಲುಪುವ ಪಿ ಅಲೆಯು ಶಿಲೆಯನ್ನು ತಾನು ಸಾಗುವ ದಿಕ್ಕಿನಲ್ಲೇ ಒತ್ತುತ್ತ, ಸಡಿಲಿಸುತ್ತ ಹೋಗುತ್ತದೆ. ಹಿಂದಿನಿಂದ ಬರುವ ಎಸ್ ಅಲೆಯು ಶಿಲೆಯನ್ನು ಅಡ್ಡಕ್ಕೆ ಅಲುಗಿಸುತ್ತದೆ. ಅಡ್ಡಕ್ಕೆ ಸರಿದ ವಸ್ತು ಮರಳಿ ತನ್ನ ಆಕಾರಕ್ಕೆ ಬರಲು ಹವಣಿಸಿದರೆ ಮಾತ್ರ ಎಸ್ ಅಲೆ ಮುಂದುವರಿಯಬಲ್ಲದು. ದ್ರವಕ್ಕೆ ಆ ಗುಣವಿಲ್ಲವಾದ್ದರಿಂದ ಅದು ದ್ರವವನ್ನು ಹಾಯಲಾರದು.

ಈ ಅಲೆಗಳನ್ನು ದಾಖಲೆಗಳಲ್ಲಿ ಬೇರೆಬೇರೆಯಾಗಿ ಗುರುತಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಓಲ್ಡ್‌ಹ್ಯಾಮ್. 1897ರ ಜೂನ್ 12ರ ಅಸ್ಸಾಂ ಭೂಕಂಪದ ಕಂಪನಗಳು ಯುರೋಪಿನ ಉಪಕರಣಗಳಲ್ಲಿ ಮೂಡಿಸಿದ್ದ ಗೆರೆಗಳೇ ಅವರಿಗೆ ಆಧಾರವಾದವು. 1906ರಲ್ಲಿ ಅವರು ಭೂಮಿಗೆ ಪ್ರತ್ಯೇಕವಾದ ಕೇಂದ್ರಗೋಳವಿದೆ ಎಂದು ಸಾಧಿಸಿದರು. ನಮ್ಮ ನೆಲದ ಆ ದುರಂತಕ್ಕೂ ಈ ಅರಿವಿಗೂ ಇರುವ ನಂಟನ್ನು ಶಾಲೆಯ ಪಾಠಗಳು ಇನ್ನಷ್ಟು ಎತ್ತಿ ಹೇಳಬೇಕೆಂದು ನನ್ನ ಆಸೆ.

ಇನ್ನು ಆಳದ ಲೆಕ್ಕ. ಕಂಪನಕೇಂದ್ರದಿಂದ ಸುಮಾರು 103 ಡಿಗ್ರಿಯವರೆಗೆ, ಅಂದರೆ ಭೂಮಿಯ ಮೈಮೇಲೆ ಸುಮಾರು 11,500 ಕಿ.ಮೀ. ದೂರದವರೆಗೆ, ಎರಡೂ ಅಲೆಗಳು ನೇರವಾಗಿ ಬಂದು ತಲುಪುತ್ತವೆ. ಅದರಾಚೆ ನೇರವಾದ ಎಸ್ ಅಲೆ ಕಾಣಿಸುವುದಿಲ್ಲ; ಅಲ್ಲಿಗೆ ಹೋಗಬೇಕಾದ ಅಲೆಯನ್ನು ದಾರಿಯಲ್ಲಿ ದ್ರವ ತಡೆಯುತ್ತದೆ. ಆದ್ದರಿಂದ 103 ಡಿಗ್ರಿಗೆ ತಲುಪುವ ಅಲೆ ಇಳಿಯುವ ತಳವೇ ಆ ದ್ರವದ ಮೇಲಂಚು. ಒಂದು ಕಾಗದದ ಮೇಲೆ ಕೈವಾರದಿಂದ ವೃತ್ತ ಎಳೆದು, 103 ಡಿಗ್ರಿ ಅಂತರದ ಎರಡು ಬಿಂದುಗಳನ್ನು ಗೆರೆಯಿಂದ ಜೋಡಿಸಿ ನೋಡಿ: ಭೂಮಿಯ ಅಳತೆಯಲ್ಲಿ ಆ ಗೆರೆಯ ನಡುಭಾಗ ಸುಮಾರು 2,400 ಕಿ.ಮೀ. ಆಳದಲ್ಲಿರುತ್ತದೆ. ಆದರೆ ಆಳಕ್ಕೆ ಹೋದಂತೆ ವೇಗ ಹೆಚ್ಚುವುದರಿಂದ ಅಲೆಯು ಸರಳರೇಖೆಯಲ್ಲಿ ಸಾಗದೆ ತೊಟ್ಟಿಲಿನಂತೆ ಕೆಳಗೆ ಬಾಗಿ ಮೇಲೇಳುತ್ತದೆ. ಅಲೆಗಳು ತಲುಪುವ ಹೊತ್ತಿನಿಂದ ಆ ಬಾಗನ್ನು ಲೆಕ್ಕಹಾಕಿದರೆ ತಳ ಸುಮಾರು 2,900 ಕಿ.ಮೀ.ಗೆ ಇಳಿಯುತ್ತದೆ. ಜರ್ಮನಿಯ ಭೂಕಂಪಶಾಸ್ತ್ರಜ್ಞ ಬೆನೋ ಗುಟೆನ್‌ಬರ್ಗ್ 1913ರ ವೇಳೆಗೆ ಕಂಡುಕೊಂಡ ಆಳವೂ ಇದೇ. ಅದರ ಕೆಳಗಿರುವುದು ದ್ರವವೆಂದು 1926ರಲ್ಲಿ ಬ್ರಿಟನ್ನಿನ ವಿಜ್ಞಾನಿ ಹೆರಾಲ್ಡ್ ಜೆಫ್ರೀಸ್ ವಾದಿಸಿದರು. ಆ ದ್ರವದ ನಡುವೆ ಇನ್ನೊಂದು ಗೋಳವಿದೆ ಎಂದು 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೇಮನ್ ತೋರಿಸಿದ್ದು ಬೇರೆಯೇ ಒಂದು ಲೇಖನಕ್ಕೆ ತಕ್ಕ ವಿಷಯ.

ತಮ್ಮ ಸುರಂಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಸುರಂಗ ಗುಡ್ಡದೊಳಗೆ ಒಂದೇ ಗೆರೆಯಲ್ಲಿ ಹೋಗುತ್ತದೆ, ಪಕ್ಕದ ಒರತೆ ಅದಕ್ಕೆ ತಪ್ಪಿಹೋಗಬಹುದು. ಭೂಕಂಪದ ಅಲೆಗಳಾದರೋ ಲೋಕದ ನಾನಾ ಕಡೆಗಳಿಂದ ಹೊರಟು ಒಂದನ್ನೊಂದು ಅಡ್ಡಹಾಯ್ದು, ಸಾವಿರಾರು ಉಪಕರಣಗಳಲ್ಲಿ ಅದೇ ಆಳವನ್ನು ಮತ್ತೆ ಮತ್ತೆ ಸೂಚಿಸುತ್ತವೆ.

ಆದರೂ ತಮ್ಮ ಆಕ್ಷೇಪದ ಒಂದು ಭಾಗವನ್ನು ನಾನು ಒಪ್ಪಬೇಕು. ಎಸ್ ಅಲೆಯ ಗೈರುಹಾಜರಿ ‘ದ್ರವ’ ಎಂದು ಹೇಳುತ್ತದೆಯೇ ಹೊರತು ‘ಕಬ್ಬಿಣ’ ಎಂದು ಹೇಳುವುದಿಲ್ಲ. ಭೂಮಿಯ ಸರಾಸರಿ ಸಾಂದ್ರತೆ ನೀರಿನ 5.5 ಪಟ್ಟು, ಮೇಲಿನ ಶಿಲೆಗಳದ್ದು ಸುಮಾರು 2.7 ಪಟ್ಟು, ಒಳಗೆ ಬಹಳ ಭಾರವಾದದ್ದೇನೋ ಇರಲೇಬೇಕು. ಉಲ್ಕಾಶಿಲೆಗಳಲ್ಲಿ ಹೇರಳವಾಗಿ ಸಿಗುವ ಕಬ್ಬಿಣ ಈ ಲೆಕ್ಕಕ್ಕೆ ಹೊಂದುತ್ತದೆ. ಆದರೆ ಈ ದ್ರವಭಾಗವಾದ ಹೊರ ಕೇಂದ್ರಗೋಳವು ಶುದ್ಧ ಕಬ್ಬಿಣಕ್ಕಿಂತ ತುಸು ಹಗುರವಾದ್ದರಿಂದ ಅದರಲ್ಲಿ ಬೇರೆ ಹಗುರ ಧಾತುಗಳೂ ಬೆರೆತಿವೆ. ಆದ್ದರಿಂದ ಲೇಖನದಲ್ಲಿ ‘ಕರಗಿದ ಕಬ್ಬಿಣ’ ಎಂದಿರುವಲ್ಲಿ ‘ಕಬ್ಬಿಣವೇ ಪ್ರಧಾನವಾದ ದ್ರವ’ ಎಂದು ತಿದ್ದಿ ಓದಿಕೊಳ್ಳಬೇಕಾಗಿ ತಮ್ಮನ್ನೂ ಇತರ ಓದುಗರನ್ನೂ ಕೋರುತ್ತೇನೆ.

— ಸಂಪಾದಕ