ಒಂದು ವರ್ಷದ ಬೈಬಲ್ ಓದಿನಲ್ಲಿ ಹಿಂದೆ ಬಿದ್ದಿದ್ದೇನೆ. ಬಾಕಿ ಅಧ್ಯಾಯಗಳನ್ನೂ ಧ್ಯಾನದ ಟಿಪ್ಪಣಿಗಳನ್ನೂ ಹೇಗೆ ತೀರಿಸಲಿ?

ಬೈಬಲಿನ ವಿಧಿನಿಯಮಗಳ ಪುಸ್ತಕವಾದ ಯಾಜಕಕಾಂಡದಲ್ಲಿ ಓದು ನಿಂತಿದೆ, ಟಿಪ್ಪಣಿ ಪುಸ್ತಕದ ಪುಟಗಳು ಖಾಲಿ ಬಿದ್ದಿವೆ, ಒಂದು ಭಾನುವಾರ ಕುಳಿತು ಎಲ್ಲವನ್ನೂ ತೀರಿಸಲೇ ಅಥವಾ ಯಾಜಕಕಾಂಡವನ್ನೇ ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ಒಂದು ದಿನವೂ ಬಾಕಿ ಉಳಿಸದೆ ಓದಿ, ದಿನಕ್ಕೊಂದು ಪಾಠವನ್ನು ತಪ್ಪದೆ ಬರೆದು, ಆ ಅಚ್ಚುಕಟ್ಟಿನಿಂದಲೇ ಒಬ್ಬರ ಮನಸ್ಸನ್ನು ಆಳವಾಗಿ ನೋಯಿಸಿದವನು ನಾನು.

ನಾನು ಹಿಡಿದಿದ್ದು ಮೆಕ್‌ಚೇನ್ ಅವರ ಯೋಜನೆ. ಸ್ಕಾಟ್ಲೆಂಡಿನ ಡಂಡೀಯಲ್ಲಿ ಸಭಾಪಾಲಕರಾಗಿದ್ದ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತಮ್ಮ ಸಭೆಗಾಗಿ ಇದನ್ನು ಸಿದ್ಧಪಡಿಸಿದರು. ದಿನಕ್ಕೆ ಸುಮಾರು ನಾಲ್ಕು ಅಧ್ಯಾಯ. ವರ್ಷದಲ್ಲಿ ಹಳೆಯ ಒಡಂಬಡಿಕೆ ಒಮ್ಮೆ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ನಾಲ್ಕು ಭಾಗಗಳೂ ಬೇರೆ ಬೇರೆ ಪುಸ್ತಕಗಳಿಂದ ಬರುವುದರಿಂದ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಪುಸ್ತಕದ 42 ಅಧ್ಯಾಯಗಳು ದಿನಕ್ಕೊಂದರಂತೆ ತಿಂಗಳು ಮೀರಿ ಸಾಗುತ್ತವೆ.

ಎಂಟನೆಯ ಅಧ್ಯಾಯದ ದಿನ ಏಳನೆಯ ವಚನ ಕಣ್ಣಿಗೆ ಬಿತ್ತು: ಮೊದಲ ಸ್ಥಿತಿ ಅಲ್ಪವಾಗಿದ್ದರೂ ಕಡೆಯ ಸ್ಥಿತಿ ಬಹಳ ವೃದ್ಧಿ ಹೊಂದುವುದು. ನಮ್ಮ ಮನೆಗಳ ಗೋಡೆಗಳ ಮೇಲೂ ಹೊಸ ವರ್ಷದ ವಾಗ್ದಾನ ಕಾರ್ಡುಗಳಲ್ಲೂ ನೀವು ಇದನ್ನು ನೋಡಿರುತ್ತೀರಿ. ಅದನ್ನೇ ಆ ದಿನದ ಪಾಠವೆಂದು ಬರೆದುಕೊಂಡು, ಮಗನನ್ನು ಕಳೆದುಕೊಂಡು ಇನ್ನೂ ತಿಂಗಳು ತುಂಬದಿದ್ದ ನನ್ನ ಸೋದರತ್ತೆಗೆ ಸಮಾಧಾನದ ಮಾತೆಂದು ಕಳುಹಿಸಿದೆ. ಅತ್ತೆಯವರು ಯಾವ ವಚನ ಬಂದರೂ ಸತ್ಯವೇದ ತೆರೆದು ಅಧ್ಯಾಯದ ಮೊದಲಿನಿಂದ ಓದುವವರು. ಸಂಜೆ ಫೋನ್ ಮಾಡಿ, “ನಮ್ಮ ಹುಡುಗ ಏನು ಪಾಪ ಮಾಡಿದ್ದನಪ್ಪಾ?” ಎಂದು ಕೇಳಿದರು. ನಾಲ್ಕನೆಯ ವಚನ ಹೇಳುವುದು ಅದನ್ನೇ: ನಿನ್ನ ಮಕ್ಕಳು ದೇವರಿಗೆ ವಿರುದ್ಧವಾಗಿ ಪಾಪ ಮಾಡಿದ್ದರಿಂದಲೇ ಆತನು ಅವರನ್ನು ಅದರ ಫಲಕ್ಕೆ ಒಪ್ಪಿಸಿಬಿಟ್ಟನು.

ನಾನು ಆ ವಚನವನ್ನು ಓದದೆ ಇದ್ದಿದ್ದರೆ ಅವಸರವೆಂದು ಹೇಳಿಕೊಳ್ಳಬಹುದಿತ್ತು. ಅಂದು ಬೆಳಿಗ್ಗೆ ಇಡೀ ಅಧ್ಯಾಯವನ್ನು ಓದಿದ್ದೆ. ಆದರೆ ನನ್ನ ಪುಸ್ತಕದಲ್ಲಿ ಸ್ಕೇಲು ಹಿಡಿದು ಎಳೆದಿದ್ದ ಮೂರು ಕಾಲಮ್ಮುಗಳು ತಾರೀಖು, ವಚನ, ಪಾಠ ಎಂದಷ್ಟೇ ಇದ್ದವು; ಮಾತನಾಡುತ್ತಿರುವವರು ಯಾರು ಎಂಬುದಕ್ಕೆ ಜಾಗವೇ ಇರಲಿಲ್ಲ. ಪಾಠ ಹುಡುಕುವ ಕಣ್ಣು ಉಳಿದುದರ ಮೇಲೆ ಜಾರಿಹೋಗುತ್ತದೆ. ಅಲ್ಲಿ ಮಾತನಾಡುತ್ತಿದ್ದವನು ದೇವರಲ್ಲ, ಯೋಬನಲ್ಲ, ಯೋಬನನ್ನು ಸಂತೈಸಲು ಬಂದ ಗೆಳೆಯರಲ್ಲೊಬ್ಬ, ಶೂಹ್ಯನಾದ ಬಿಲ್ದದ. ಅವನೂ ಎಲೀಫಜನೂ ಚೋಫರನೂ ತನ್ನ ವಿಷಯವಾಗಿ ಸರಿಯಾದುದನ್ನು ಆಡಲಿಲ್ಲವೆಂದು ದೇವರು ಕೋಪಗೊಳ್ಳುವುದು 42ನೆಯ ಅಧ್ಯಾಯದಲ್ಲಿ, ಅಂದರೆ ನನ್ನ ಪಟ್ಟಿಯ ಪ್ರಕಾರ ತಿಂಗಳಾದ ಮೇಲೆ. ಅದನ್ನು ಓದುವ ಹೊತ್ತಿಗೆ ಅತ್ತೆಯವರು ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದ್ದರು. ಆ ಮೂವರು ಗೆಳೆಯರು ಸರಿಯಾಗಿ ನಡೆದುಕೊಂಡದ್ದು ಏಳು ದಿನ ಯೋಬನ ಬಳಿ ಬಾಯಿ ಬಿಡದೆ ಕುಳಿತಾಗ ಮಾತ್ರ ಎಂದು ನನಗೀಗ ಅನ್ನಿಸುತ್ತದೆ.

ಆದ್ದರಿಂದ ದಿನಕ್ಕೊಂದು ಧ್ಯಾನ ಬರೆಯಲೇಬೇಕೆಂಬ ನಿಮ್ಮ ಹಟವನ್ನೇ ನಾನು ಒಪ್ಪುವುದಿಲ್ಲ. ತಮ್ಮ ಯೋಜನೆ ಬರೀ ಆಚರಣೆಯಾಗಬಹುದು, ನಾನೇ ನೀತಿವಂತನೆಂಬ ಭಾವಕ್ಕೆ ಎಡೆಮಾಡಬಹುದು, ಹೊರಲಾರದ ನೊಗವಾಗಬಹುದು ಎಂದು ಮೆಕ್‌ಚೇನರೇ ಎಚ್ಚರಿಸಿದ್ದರು; ಪಟ್ಟಿಯನ್ನು ಹಂಚುವವರು ಆ ಮಾತುಗಳನ್ನು ಹಂಚುವುದು ಅಪರೂಪ. ತಾರೀಖುಗಳನ್ನು ಹೊಡೆದುಹಾಕಿ, ನಿಂತ ಅಧ್ಯಾಯದಿಂದಲೇ ಮುಂದುವರಿಯಿರಿ. ಯಾರು, ಯಾರಿಗೆ, ಯಾವುದರ ನಂತರ ಹೇಳಿದರು ಎಂಬುದನ್ನಷ್ಟೇ ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಪುಟ ಖಾಲಿಯಿರಲಿ. ಯೋಬನನ್ನಂತೂ ಎರಡು ಮೂರು ಸಂಜೆಗಳಲ್ಲಿ ಒಟ್ಟಿಗೆ ಓದಿ.

ಯಾಜಕಕಾಂಡವನ್ನು ಹಾರಿಸಿದರೆ ನಷ್ಟ ನಿಮ್ಮದೇ. ಚರ್ಮರೋಗ ಮತ್ತು ಗೋಡೆಯ ಬೂಷ್ಟಿನ ವಿಧಿಗಳನ್ನು ದಾಟುವುದು ಕಷ್ಟ, ನಿಜ. ಆದರೆ 19ನೆಯ ಅಧ್ಯಾಯದಲ್ಲಿ ಹೊಲದ ಅಂಚನ್ನು ಪೂರ್ತಿಯಾಗಿ ಕೊಯ್ಯಬಾರದು, ಕೊಯ್ಲಿನಲ್ಲಿ ಉದುರಿದ ಹಕ್ಕಲನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎಂಬ ಆಜ್ಞೆಯಿದೆ. ಅದನ್ನು ಓದಿಕೊಂಡು ರೂತಳ ಪುಸ್ತಕಕ್ಕೆ ಹೋದರೆ, ಬೋವಜನೆಂಬವನ ಹೊಲದಲ್ಲಿ ಹಕ್ಕಲಾಯುವ ರೂತಳೆಂಬ ಆ ಮೋವಾಬ್ಯ ವಿಧವೆ ಭಿಕ್ಷೆಗೆ ಬಂದವಳಲ್ಲ, ಕಾನೂನು ಕೊಟ್ಟ ಪಾಲಿಗೆ ಬಂದವಳು ಎಂಬುದು ತಿಳಿಯುತ್ತದೆ.