‘ಫ್ಯೂ’ ಬೇರೆ, ‘ಎ ಫ್ಯೂ’ ಬೇರೆ: ಚಿಂತಾಮಣಿ ಅಕ್ಕನ ಮೆಸೇಜಿಗೆ ಉತ್ತರ

ಅಕ್ಕಾ, ನಿಮ್ಮ ಪೋಸ್ಟ್ ನೋಡಿದೆ. ದೆಹಲಿ ವ್ಯಾಪಾರಿಗೆ ಟೊಮೆಟೊ ಲೋಡ್ ಕಳಿಸುವಾಗ ಇಂಗ್ಲಿಷಿನಲ್ಲಿ ಬರೆದ ಮೆಸೇಜ್ ಹಾಕಿ, ‘ಎ, ಆ್ಯನ್, ದ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು, ಏನಾದರೂ ರೂಲ್ ಇದೆಯಾ’ ಅಂತ ಕೇಳಿದ್ದೀರಿ. ಬೆಳೆಗಾರರ ಗುಂಪಿನಲ್ಲಿ ಇಂಗ್ಲಿಷ್ ಪಾಠ ಯಾಕೆ ಅಂತ ಕೆಳಗೆ ಒಬ್ಬರು ಕೇಳಿದ್ದಾರೆ. ನನಗೇನೋ ಇದು ಗುಂಪಿಗೆ ಬೇಕಾದ ವಿಷಯವೇ. ಒಂದು ‘ಎ’ ಬಿಟ್ಟುಹೋಗಿದ್ದಕ್ಕೆ ನಿಮ್ಮ ಮಾಲಿನ ಸಮಾಚಾರವೇ ಉಲ್ಟಾ ಆಗಿದೆ.

ನೀವು ಬರೆದಿದ್ದು ‘ಫ್ಯೂ ಬಾಕ್ಸಸ್ ಆರ್ ಸಾಫ್ಟ್’ ಅಂತ. ಕೆಲವು ಬಾಕ್ಸಿನ ಹಣ್ಣು ಮೆತ್ತಗಾಗಿದೆ ಅಂತ ತಿಳಿಸುವುದು ನಿಮ್ಮ ಉದ್ದೇಶ. ಆದರೆ ಬರೀ ‘ಫ್ಯೂ’ ಅಂದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಓದಿದವರು ಮಾಲೆಲ್ಲ ಗಟ್ಟಿ ಇದೆ ಅಂತಲೇ ತಿಳಿದುಕೊಳ್ಳುತ್ತಾರೆ. ಆಮೇಲೆ ಬಾಕ್ಸ್ ಬಿಚ್ಚಿದಾಗ ತಕರಾರು. ‘ಎ ಫ್ಯೂ ಬಾಕ್ಸಸ್’ ಅಂದರೆ ಮಾತ್ರ ಕೆಲವು ಬಾಕ್ಸ್. ‘ಲಿಟಲ್’ ಕಥೆಯೂ ಇದೇ. ‘ವಿ ಹ್ಯಾವ್ ಲಿಟಲ್ ವಾಟರ್’ ಅಂದರೆ ಬೋರ್‌ವೆಲ್ ಹೆಚ್ಚುಕಮ್ಮಿ ನಿಂತಂತೆಯೇ. ‘ಎ ಲಿಟಲ್ ವಾಟರ್’ ಅಂದರೆ ಸ್ವಲ್ಪ ಇದೆ, ಹೇಗೋ ನಡೆಯುತ್ತದೆ. ಬೇರೆ ತಪ್ಪೆಲ್ಲ ಇದ್ದರೂ ಎದುರಿನವರಿಗೆ ಅರ್ಥ ಆಗುತ್ತದೆ. ಇವೆರಡನ್ನು ಮಾತ್ರ ಮೊದಲು ಸರಿಮಾಡಿಕೊಳ್ಳಿ.

ಇನ್ನು ರೂಲ್ ವಿಷಯ. ಇದೆ, ಕಷ್ಟವೂ ಅಲ್ಲ. ‘ಒಂದೂರಲ್ಲಿ ಒಬ್ಬ ರಾಜ ಇದ್ದ, ಆ ರಾಜನಿಗೆ ಮೂರು ಜನ ಮಕ್ಕಳು’ ಅಂತ ಕಥೆ ಹೇಳುತ್ತೇವೆ ಅಲ್ವಾ, ಆ ‘ಒಬ್ಬ’ ಬರುವ ಕಡೆ ‘ಎ’, ‘ಆ’ ಬರುವ ಕಡೆ ‘ದ’. ಆದರೆ ರೂಢಿಯ ಮಾತಿಗೆ ಬಂದಾಗ ಈ ರೂಲ್ ಕೈಗೆ ಸಿಗುವುದಿಲ್ಲ. ನಮ್ಮಲ್ಲೂ ಹಾಗೇ ತಾನೇ? ‘ಕೈ ಕೊಟ್ಟ’ ಅಂದರೆ ಮೋಸ ಮಾಡಿದ. ‘ಕೈಯನ್ನು ಕೊಟ್ಟ’ ಅಂದರೆ ಆ ಅರ್ಥವೇ ಹೋಯಿತು. ಇಂಗ್ಲಿಷಿನ ‘ಹ್ಯಾಂಡ್’ ತಗೊಳ್ಳಿ. ‘ಗಿವ್ ಮಿ ಎ ಹ್ಯಾಂಡ್’ ಅಂದರೆ ಸ್ವಲ್ಪ ಸಹಾಯ ಮಾಡು. ‘ಬೈ ಹ್ಯಾಂಡ್’ ಅಂದರೆ ಮೆಷಿನ್ ಇಲ್ಲದೆ ಕೈಯಲ್ಲೇ ಮಾಡಿದ್ದು. ‘ಆನ್ ದ ಅದರ್ ಹ್ಯಾಂಡ್’ ಅಂದರೆ ಇನ್ನೊಂದು ಕಡೆ ನೋಡಿದರೆ. ಒಂದೇ ಪದ, ಒಂದು ಕಡೆ ‘ಎ’, ಒಂದು ಕಡೆ ಏನೂ ಇಲ್ಲ, ಒಂದು ಕಡೆ ‘ದ’. ಯಾಕೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಇಡೀ ಮಾತನ್ನೇ ಬಾಯಿಗೆ ರೂಢಿ ಮಾಡಿಕೊಳ್ಳಿ.

ನಮ್ಮ ವ್ಯವಹಾರಕ್ಕೆ ಬೇಕಾದಷ್ಟು ಹೇಳುತ್ತೇನೆ. ಸಾಲಕ್ಕೆ ಕೊಟ್ಟರೆ ‘ಆನ್ ಕ್ರೆಡಿಟ್’, ಮುಂಗಡ ಕೊಟ್ಟರೆ ‘ಇನ್ ಅಡ್ವಾನ್ಸ್’, ನಗದು ಕೊಟ್ಟರೆ ‘ಇನ್ ಕ್ಯಾಶ್’, ಇವಕ್ಕೆ ಯಾವುದೂ ಬೇಡ. ಆದರೆ ನಷ್ಟಕ್ಕೆ ಮಾರಿದರೆ ‘ಆ್ಯಟ್ ಎ ಲಾಸ್’, ಲಾಭಕ್ಕೆ ಮಾರಿದರೆ ‘ಆ್ಯಟ್ ಎ ಪ್ರಾಫಿಟ್’. ಆ ರೇಟಿಗೆ ಸಾಧ್ಯವೇ ಇಲ್ಲ ಅನ್ನಬೇಕಾದರೆ ‘ಔಟ್ ಆಫ್ ದ ಕ್ವೆಶ್ಚನ್’, ಇಲ್ಲಿ ‘ದ’ ಬಿಡಲೇಬೇಡಿ. ಬಾಕ್ಸಿಗೆ ಇಷ್ಟು ಅನ್ನುವಾಗ ‘400 ರುಪೀಸ್ ಎ ಬಾಕ್ಸ್’. ಕೆಜಿ ಲೆಕ್ಕದಲ್ಲಿ ಮಾರುತ್ತೇವೆ ಅನ್ನುವಾಗ ‘ಬೈ ದ ಕಿಲೊ’. ಕೋಲಾರ ಮಂಡಿಯಲ್ಲಿ 15 ಕೆಜಿ ಬಾಕ್ಸ್ ಅಂದರೆ ಎಲ್ಲರಿಗೂ ಗೊತ್ತು, ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಅದನ್ನು ಬರೆದುಬಿಡಿ.

ಲಾರಿಯಲ್ಲಿ ಕಳಿಸಿದರೆ ‘ಬೈ ಲಾರಿ’, ನೀವು ಹಾಕಿದ ‘ದ’ ತೆಗೆಯಿರಿ. ಬೆಳಿಗ್ಗೆ ಅಂದರೆ ‘ಇನ್ ದ ಮಾರ್ನಿಂಗ್’, ರಾತ್ರಿ ಅಂದರೆ ‘ಆ್ಯಟ್ ನೈಟ್’. ನಿಜ ಹೇಳಿದರೆ ‘ಟೆಲ್ ದ ಟ್ರುತ್’, ಸುಳ್ಳು ಹೇಳಿದರೆ ‘ಟೆಲ್ ಎ ಲೈ’. ನಿಜ ಒಂದೇ, ಸುಳ್ಳು ಎಷ್ಟು ಬೇಕಾದರೂ ಇರಬಹುದು ಅಂತ ನೆನಪಿಟ್ಟುಕೊಳ್ಳಿ.

‘ಎ’ ಅಥವಾ ‘ಆ್ಯನ್’ ಅನ್ನುವುದಕ್ಕೆ ಮಾತ್ರ ರೂಲ್ ಪಕ್ಕಾ. ಅಕ್ಷರ ನೋಡಬೇಡಿ, ಬಾಯಲ್ಲಿ ಬರುವ ಶಬ್ದ ಕೇಳಿ. ಪಹಣಿ ಕೇಳುವಾಗ ‘ಆ್ಯನ್ ಆರ್‌ಟಿಸಿ’, ಯಾಕಂದ್ರೆ ‘ಆ’ ಅಂತ ಶುರುವಾಗುತ್ತದೆ. ಯೂರಿಯಾ ಮೂಟೆಗೆ ‘ಎ ಯೂರಿಯಾ ಬ್ಯಾಗ್’, ಯಾಕಂದ್ರೆ ‘ಯ’ ಅಂತ ಶುರು.

‘ಹಾಸ್ಪಿಟಲ್’ ಹಿಂದೆ ‘ದ’ ಹಾಕಬೇಕಾ ಅಂತ ಗುಂಪಿನಲ್ಲಿ ಕೇಳಿದ ಅಣ್ಣನಿಗೆ: ನಮ್ಮ ಸ್ಕೂಲುಗಳಲ್ಲಿ ಕಲಿಸುವ ಬ್ರಿಟಿಷ್ ರೂಢಿಯಲ್ಲಿ ಅಡ್ಮಿಟ್ ಆಗಿದ್ದರೆ ‘ಇನ್ ಹಾಸ್ಪಿಟಲ್’, ಸುಮ್ನೆ ಯಾರನ್ನೋ ನೋಡಲು ಹೋಗಿದ್ದರೆ ‘ಇನ್ ದ ಹಾಸ್ಪಿಟಲ್’. ಅಮೆರಿಕದವರು ಎರಡಕ್ಕೂ ‘ದ’ ಹಾಕುತ್ತಾರೆ. ಎರಡೂ ಸರಿ.

ಅಕ್ಕಾ, ನಿಮ್ಮ ಮೆಸೇಜ್ ಹೀಗಿರಲಿ: ‘ಸರ್, ವಿ ಆರ್ ಇನ್ ಎ ಹರಿ. ದ ಲೋಡ್ ವಿಲ್ ಕಮ್ ಬೈ ಲಾರಿ ಇನ್ ದ ಮಾರ್ನಿಂಗ್. ಟು ಟೆಲ್ ದ ಟ್ರುತ್, ಎ ಫ್ಯೂ ಬಾಕ್ಸಸ್ ಆರ್ ಸಾಫ್ಟ್. ಪ್ಲೀಸ್ ಸೆಲ್ ದೆಮ್ ಫಸ್ಟ್.’ ಲಾರಿ ಮುಟ್ಟುವ ಮೊದಲೇ ಕಳಿಸಿ. ಮೆತ್ತಗಿರುವ ಬಾಕ್ಸ್ ಎಷ್ಟು ಅಂತ ಲೆಕ್ಕ ಸಿಕ್ಕಿದ್ದರೆ ‘ಎ ಫ್ಯೂ’ ತೆಗೆದು ಆ ಸಂಖ್ಯೆಯನ್ನೇ ಹಾಕಿ. ಇನ್ನೂ ಒಳ್ಳೆಯದು.